ಕಾಣೆಯಾದ ತೊಂಬತ್ತಮೂರು ಜಿಬಿ

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹನ್ನೆರಡು ದಿನ ತಡವಾಗಿ, ಅದೂ ಸೊಪ್ಪು ಮಾರುವವಳ ಬಾಯಿಂದ. ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಅವರ ಅಂಗಡಿಯ ಮಗ್ಗುಲಲ್ಲೇ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ ಅವಳು. ಬಾಗಿಲು ಹಾಕಿದೆಯಲ್ಲ ಎಂದು ಸುಮ್ಮನೆ ಕೇಳಿದೆ. "ಏ, ಗೊತ್ತಿಲ್ಲೇನ್ರಿ ಮೇಡಂ? ಸಾಬ್ರು ಹೋಗಿಬಿಟ್ರು. ಎದೆನೋವು ಅಂತ ದುರ್ಗಕ್ಕೆ ಕರ್ಕಂಡು ಹೊಂಟಿದ್ರು, ದಾರ್‍ಯಾಗೇ ಜೀವ ಹೋತು" ಎನ್ನುತ್ತಾ ಮೆಂತ್ಯದ ಕಟ್ಟನ್ನು ನನ್ನ ಚೀಲಕ್ಕೆ ಹಾಕಿದಳು.

ನನಗೆ ಮೊದಲು ಬಂದದ್ದು ದುಃಖವಲ್ಲ. ನಿಜ ಹೇಳಿಬಿಡುತ್ತೇನೆ, ಮೊದಲು ಬಂದದ್ದು ಒಂದು ಥರದ ನಿರಾಳ. ಇನ್ನು ಮೇಲೆ ಈ ಬೀದಿಯನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋಗಬೇಕಾಗಿಲ್ಲ ಅನ್ನಿಸಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, ಒಬ್ಬ ಮನುಷ್ಯ ಸತ್ತದ್ದಕ್ಕೆ ನಿರಾಳವಾಗುವ ಮಟ್ಟಕ್ಕೆ ಇಳಿದೆನಲ್ಲ ಎಂದು ನಾಚಿಕೆಯಾಯಿತು. ಮನೆಗೆ ಬಂದು ಸೊಪ್ಪು ಸೋಸಲು ಕೂತವಳು ಬೇರನ್ನು ಪಾತ್ರೆಗೆ ಹಾಕಿ ಎಲೆಯನ್ನು ಕಸಕ್ಕೆ ಹಾಕಿದೆ.

ಅಂಗಡಿ ಎಂದರೆ ಎಷ್ಟು ದೊಡ್ಡದು? ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವರು ಬೀದಿಯಲ್ಲಿ. ಒಂದು ಹಳೆಯ ಕಂಪ್ಯೂಟರ್, ಗಾಜಿನ ಪೆಟ್ಟಿಗೆಯೊಳಗೆ ಚಾರ್ಜರು, ಪೆನ್‌ಡ್ರೈವು, ಮೆಮೊರಿ ಕಾರ್ಡು. ಹೊರಗಿನ ಬೋರ್ಡಿನಲ್ಲಿ 'ಹಾಡು, ಭಜನೆ, ನಾಟಕ ತುಂಬಿಕೊಡಲಾಗುವುದು' ಎಂದು ಅವರೇ ಬರೆದ ದುಂಡನೆಯ ಅಕ್ಷರ. ಕೂತವರ ತಲೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಸಾಲಾಗಿ ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ. ಎಲ್ಲವೂ ಹಳೆಯವು, ಆದರೆ ದಿನಾ ಒರೆಸಿ ಹೊಳೆಯುತ್ತಿದ್ದವು. ಮೊಬೈಲಿನ ಅಂಗಡಿಗೂ ರಾಗಿ ಅಳೆಯುವ ಪಾತ್ರೆಗೂ ಏನು ಸಂಬಂಧ ಎಂದು ಹೊಸಬರೆಲ್ಲ ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದೂ ಅದೇ.

"ನಮ್ದು ಅಳತೆ ಮನೆತನ. ನಮ್ ತಾತ, ಅವರ ತಾತ, ಎಲ್ಲಾ ತಗಡು ಬಡ್ದು ಸೇರು ಪಾವು ಮಾಡೋರು. ತಾಳ್ಯದಿಂದ ಮಾಡದಕೆರೆ ತನ್ಕ ನಮ್ ಮನೆ ಸೇರೇ. ನಮ್ ಸೇರಿನಾಗೆ ಅಳ್ದಿದ್ದನ್ನ ಯಾರೂ ತಿರುಗಿ ಅಳೀತಿರ್ಲಿಲ್ಲ. ಆವಾಗ ರಾಗಿ, ಈವಾಗ ಹಾಡು, ಅಷ್ಟೇ" ಎನ್ನುತ್ತಿದ್ದರು. ಕಿಲೋ ಬಂದ ಮೇಲೆ ಅವರ ಅಪ್ಪ ಸ್ಟೌ ರಿಪೇರಿಗೆ ಇಳಿದರು. ಇವರು ರೇಡಿಯೋ ಕಲಿತರು, ಕ್ಯಾಸೆಟ್ಟಿಗೆ ಹಾಡು ತುಂಬಿದರು, ಸಿಡಿಗೆ ತುಂಬಿದರು, ಕೊನೆಗೆ ಉಗುರಿನಷ್ಟು ಅಗಲದ ಕಾರ್ಡಿಗೆ ಬಂದು ನಿಂತರು.

ಕಾರ್ಡನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಚಿಮಟದಲ್ಲಿ ಎತ್ತಿ, ಒಮ್ಮೆ ಊದಿ, ಬೆಳಕಿಗೆ ಹಿಡಿದು ನೋಡಿ ಆಮೇಲೆ ಕಂಪ್ಯೂಟರಿಗೆ ಹಾಕುವುದು. ಹಾಡುಗಳನ್ನು ಎಣಿಸುವಾಗ 'ಒಂದು' ಎನ್ನುತ್ತಿರಲಿಲ್ಲ. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ 'ಲಾಭ' ಎನ್ನುತ್ತಾರಲ್ಲ, ಹಾಗೆ ಇವರೂ ಪರದೆಯ ಮೇಲೆ ಬೆರಳಿಟ್ಟು "ಲಾಭ, ಎರಡು, ಮೂರು" ಎಂದು ಶುರುಮಾಡುವರು. ಗಿರಾಕಿ ಕೇಳಿದ್ದು ಇಪ್ಪತ್ತು ಹಾಡಾದರೆ ಇವರು ಹಾಕುತ್ತಿದ್ದದ್ದು ಇಪ್ಪತ್ತೊಂದು. ಕೊನೆಯದು ಕೊಸರು. ಅದು ಯಾವ ಹಾಡು ಎಂದು ಹೇಳುತ್ತಿರಲಿಲ್ಲ. ಟ್ರ್ಯಾಕ್ಟರ್ ಓಡಿಸುತ್ತಾ ಕುಣಿಯುವ ಹಾಡು ಕೇಳುತ್ತಿದ್ದವನ ಮೊಬೈಲಿನಲ್ಲಿ ಇದ್ದಕ್ಕಿದ್ದ ಹಾಗೆ ಏಕತಾರಿಯ ತತ್ವಪದ ಶುರುವಾದರೆ, ಕಾರ್ಡು ತುಂಬಿಸಿದ್ದು ಎಲ್ಲಿ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ನಾನು ಅವರನ್ನು ಹತ್ತಿರದಿಂದ ನೋಡಿದ್ದು ಅವರ ಮಗಳ ದೆಸೆಯಿಂದ. ಆ ಹುಡುಗಿ ಮೂರು ವರ್ಷ ನನ್ನ ಬಳಿ ಗಣಿತ ಓದಿದಳು, ಬಹಳ ಚುರುಕು. ನಾನು ಪ್ರೌಢಶಾಲೆಯ ಗಣಿತದ ಟೀಚರು, ಸಾಲದ್ದಕ್ಕೆ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ನನ್ನ ಬಳಿಯೇ. ಎರಡೂ ಸೇರಿ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದು ಈಗ ಅನ್ನಿಸುತ್ತದೆ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಹುಡುಗರು ನನಗೆ ಇಟ್ಟಿದ್ದ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಅದು ಸರಿಯಾಗಿಯೇ ಇತ್ತು. ಮಗಳು ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ತೊಂಬತ್ತಾರು ತೆಗೆದಾಗ ಅವರು ಒಂದು ಡಬ್ಬಿ ಖರ್ಜೂರ ಹಿಡಿದು ಶಾಲೆಗೆ ಬಂದಿದ್ದರು. "ಅಳತೆ ನಮ್ಮನೇದು, ಲೆಕ್ಕ ನಿಮ್ದು ಟೀಚರಮ್ಮ" ಎಂದು ಕೈಮುಗಿದರು. ಅಂದಿನಿಂದ ಯಾರ ಎದುರಿಗೇ ಆದರೂ ನನ್ನನ್ನು 'ನನ್ ಮಗಳಿಗೆ ಲೆಕ್ಕ ಹೇಳ್ಕೊಟ್ಟ ಟೀಚರಮ್ಮ' ಎಂದೇ ಪರಿಚಯಿಸುವುದು.

ಅಂಗಡಿಯಲ್ಲಿ ನಡೆಯುತ್ತಿದ್ದ ಪಾಠ ನನ್ನ ಪಾಠಕ್ಕಿಂತ ಚೆನ್ನಾಗಿರುತ್ತಿತ್ತು. ಒಮ್ಮೆ ತಾಳ್ಯದ ರೈತರೊಬ್ಬರು ಎರಡು ಜಿಬಿಯ ಕಾರ್ಡು ತಂದು, ತಮ್ಮೂರಿನ ಹುಡುಗರು ಆಡಿದ ಪೌರಾಣಿಕ ನಾಟಕ ಅಷ್ಟನ್ನೂ ಹಾಕಿಕೊಡಿ ಎಂದು ಕೂತರು. ಐದು ನಾಟಕ, ಎಲ್ಲವೂ ವಿಡಿಯೋ.

"ಹಿಡ್ಸಂಗಿಲ್ಲ ಗೌಡ್ರೇ."

"ಯಾಕ್ ಹಿಡ್ಸಲ್ಲ? ಹೋದ್ಸಲ ಮುನ್ನೂರು ಹಾಡು ಹಿಡಿಸ್ತಲ್ಲ ಇದ್ರಾಗೆ?"

ಅವರು ಎದ್ದು ಹಲಗೆಯ ಮೇಲಿಂದ ಪಾವನ್ನೂ ಕೊಳಗವನ್ನೂ ಇಳಿಸಿದರು. "ಒಂದು ಹಾಡು ಅಂದ್ರೆ ಐದು ಎಂಬಿ. ಪಾವು ಅಂದ್ಕಳ್ರಿ. ನಾಟಕದ ವಿಡಿಯೋ ಒಂದೊಂದೂ ಒಂದು ಜಿಬಿ ಮ್ಯಾಲೆ. ಅದು ಕೊಳಗ ಅಲ್ಲ, ಖಂಡುಗ. ನಿಮ್ ಚೀಲದಾಗೆ ಪಾವಿನ ಲೆಕ್ಕದಾಗೆ ಎಷ್ಟು ಬೇಕಾರೂ ಸುರೀರಿ, ಐದು ಖಂಡುಗ ಹೆಂಗೆ ಸುರೀತೀರಿ?"

ಗೌಡರು ಪಾವನ್ನೂ ಕೊಳಗವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಹಂಗಾರೆ ಚಿತ್ರ ಬ್ಯಾಡ, ಬರೀ ಮಾತು ಹಾಕ್ರಿ. ವೇಷ ಎಲ್ಲಾ ನನ್ ಕಣ್ಣಾಗೇ ಐತೆ" ಎಂದರು. ಐದು ನಾಟಕದ ಮಾತೂ ಪದವೂ ಹಿಡಿಸಿ ಇನ್ನೂ ಜಾಗ ಉಳಿಯಿತು. ಕೊಸರಾಗಿ ಹೋದದ್ದು ಮತ್ತೆ ಅದೇ ತತ್ವಪದ.

ಬಿಟ್, ಬೈಟು ಅವರಿಗೆ ಕಾಳಿನ ಲೆಕ್ಕ. ಎಂಟು ಬಿಟ್ ಕೂಡಿದರೆ ಒಂದು ಬೈಟು, ಒಂದು ಬೈಟಿಗೆ ಇಂಗ್ಲಿಷಿನ ಒಂದು ಅಕ್ಷರ. ಕನ್ನಡದ ಅಕ್ಷರಕ್ಕೆ ಎಷ್ಟು ಎಂದು ಅವರೇ ಕಂಪ್ಯೂಟರಿನಲ್ಲಿ ಬರೀ ಒಂದು 'ಕ' ಬರೆದು ಉಳಿಸಿ, ಆ ಫೈಲಿನ ಗಾತ್ರ ನೋಡಿ ಕಂಡುಹಿಡಿದಿದ್ದರು. ಮೂರು ಬೈಟು. ನಾನು ಅಂಗಡಿಗೆ ಹೋದಾಗ ಅದನ್ನು ತೋರಿಸಿ, "ನಮ್ ಅಕ್ಷರ ಜಾಸ್ತಿ ಜಾಗ ತಗಳ್ತೈತೆ ಟೀಚರಮ್ಮ. ತಗಳ್ಳಿ ಬಿಡ್ರಿ, ದುಂಡಗೆ ಐತಲ್ಲ" ಎಂದು ಸಂತೋಷಪಟ್ಟರು. ನಾನು ನಕ್ಕು, ಇದೆಲ್ಲ ನನಗೆ ಗೊತ್ತು ಅನ್ನುವ ಹಾಗೆ ತಲೆಯಾಡಿಸಿದೆ. ನನಗೆ ಗೊತ್ತಿರಲಿಲ್ಲ.

ಇನ್ನು ನಾನು ಮಾಡಿದ್ದನ್ನು ಬರೆಯಬೇಕು. ಇಷ್ಟು ಹೊತ್ತು ಅಂಗಡಿಯ ಸುದ್ದಿ ಹೇಳುತ್ತಾ ಕೂತದ್ದು ಇದನ್ನು ಆದಷ್ಟು ಹಿಂದಕ್ಕೆ ತಳ್ಳುವುದಕ್ಕೇ.

ಏಳೆಂಟು ವರ್ಷದ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಪಾಠದ ವಿಡಿಯೋಗಳನ್ನು ಇಟ್ಟುಕೊಳ್ಳಲು ಒಂದು ಹಾರ್ಡ್ ಡಿಸ್ಕ್ ಕೊಡಿಸುತ್ತೇವೆಂದರು. ಎಲ್ಲಿ ತರಿಸೋಣ ಎಂದು ಹೆಡ್‌ಮಾಸ್ಟರು ಕೇಳಿದಾಗ ಇವರ ಅಂಗಡಿಯ ಹೆಸರು ಹೇಳಿದ್ದು ನಾನೇ. ಒಂದು ಟಿಬಿಯ ಡಿಸ್ಕು, ಮೊಹರು ಒಡೆಯದ ಡಬ್ಬಿಯಲ್ಲಿ ಬಂತು. ಅಂದು ಶಾಲಾ ಅಭಿವೃದ್ಧಿ ಸಮಿತಿಯ ಸಭೆ. ಸಮಿತಿಯವರು, ಹಳೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು ಎಲ್ಲ ಸೇರಿ ಹದಿನೈದು ಜನ ಇದ್ದರು. ಡಿಸ್ಕು ತಂದುಕೊಟ್ಟ ಅವರು ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದರು. ನಾನು ಎಲ್ಲರ ಎದುರು ಡಬ್ಬಿ ಒಡೆದು ಕಂಪ್ಯೂಟರಿಗೆ ಜೋಡಿಸಿದೆ. ಒಟ್ಟು ಜಾಗ ಎಷ್ಟು ಎಂದು ನೋಡಿದರೆ 931 ಜಿಬಿ.

ಒಂದು ಟಿಬಿ ಎಂದರೆ 1024 ಜಿಬಿ ಎಂದು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಗೋಡೆಯ ಬೋರ್ಡಿನ ಹತ್ತಿರ ಹೋಗಿ, ಸೀಮೆಸುಣ್ಣ ತಗೊಂಡು, 1024ರ ಕೆಳಗೆ 931 ಬರೆದು ಕಳೆದೆ. ತೊಂಬತ್ತಮೂರು. ಕೆಳಗೆ ಎರಡು ಗೆರೆ ಬೇರೆ ಎಳೆದೆ.

"ಇದೇನು ಸಾಹೇಬ್ರೇ, ತೊಂಬತ್ತಮೂರು ಜಿಬಿ ಎಲ್ಲಿ ಹೋಯ್ತು?"

ಅವರು ಒಳಗೆ ಬಂದರು. ಗಾಬರಿ ಇರಲಿಲ್ಲ. ಕೇಳುತ್ತಾರೆಂದು ಗೊತ್ತಿದ್ದವರ ಹಾಗೆ ನಗುತ್ತಲೇ ಹೇಳಿದರು, "ಎಲ್ಲೂ ಹೋಗಿಲ್ಲ ಟೀಚರಮ್ಮ. ಕಂಪನಿಯೋರು ತಲೆ ಸವರಿ ಅಳ್ದು ಕೊಡ್ತಾರೆ, ಸಾವಿರಕ್ಕೆ ಸಾವಿರ. ಕಂಪ್ಯೂಟರು ಪ್ರತಿ ಸಾವಿರಕ್ಕೂ ಇಪ್ಪತ್ನಾಕು ಕೊಸರು ಹಾಕ್ಕಂಡು, ಗೋಪುರ ಕಟ್ಟಿ ಅಳೀತೈತೆ. ರಾಗಿ ಅದೇ, ಸೇರು ಬ್ಯಾರೆ. ದೊಡ್ಡ ಸೇರಿನಾಗೆ ಅಳ್ದಾಗ ಲೆಕ್ಕ ಕಮ್ಮಿ ಬರಲೇಬೇಕಲ್ಲ?"

ಇಷ್ಟು ಸ್ಪಷ್ಟವಾಗಿ ನಾನು ಇವತ್ತಿಗೂ ಹೇಳಲಾರೆ. ಆದರೆ ಆ ಕ್ಷಣದಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ, ಹದಿನೈದು ಜನರ ಎದುರು ಹಾಡು ತುಂಬುವವರೊಬ್ಬರು ನನಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ.

"ಸೇರು ಪಾವಿನ ಕಥೆ ಎಲ್ಲ ಅಂಗಡಿಯಲ್ಲಿ ಇಟ್ಕೊಳ್ಳಿ. ನಾನು ಗಣಿತ ಓದಿದವಳು. ಡಬ್ಬಿ ಮೇಲೆ ಒಂದು ಬರೆದು, ಒಳಗೆ ಇನ್ನೊಂದು ಕೊಟ್ಟರೆ ಅದಕ್ಕೆ ಮೋಸ ಅಂತಾರೆ. ನಕಲಿ ಮಾಲು ತಂದು ಮಕ್ಕಳ ತಲೆಗೆ ಕಟ್ಟಬೇಡಿ."

ಮೋಸ. ನಕಲಿ. ಎರಡೂ ನನ್ನ ಬಾಯಿಂದ ಬಂದ ಮಾತುಗಳೇ, ಯಾರೂ ಹೇಳಿಕೊಟ್ಟದ್ದಲ್ಲ. ಆಗ ಸಮಿತಿಯ ಸದಸ್ಯರೊಬ್ಬರು ಕುರ್ಚಿಯಲ್ಲಿ ಒರಗಿಕೊಂಡೇ, "ಬಿಡ್ರಿ ಮೇಡಂ, ಆ ಜನ ಇರೋದೇ ಹಂಗೆ" ಎಂದರು. ಆ ಮಾತನ್ನು ನಾನು ಆಡಲಿಲ್ಲ. ಆದರೆ ತಡೆಯಲೂ ಇಲ್ಲ. ಮುನ್ನೂರು ವರ್ಷದಿಂದ ನಮ್ಮ ನಡುವೆ ಬಾಳಿ, ನಮ್ಮ ಕಣದ ರಾಶಿಗೆ ಸೇರು ಮಾಡಿಕೊಟ್ಟ ಮನೆಯವರನ್ನು 'ಆ ಜನ' ಎಂದಾಗ ನನಗೆ ಉರಿಯಬೇಕಿತ್ತು. ಉರಿಯಲಿಲ್ಲ. ಸದ್ಯ, ನನ್ನ ಕಡೆಗೆ ಒಬ್ಬರಾದರೂ ಇದ್ದಾರೆ ಅನ್ನಿಸಿತು. ಮಾಡಿದ ತಪ್ಪುಗಳಲ್ಲಿ ಇದನ್ನು ನೆನೆದಾಗಲೇ ನನಗೆ ಮೈಯೆಲ್ಲ ಹಿಡಿಯಾಗುತ್ತದೆ.

ಅವರ ನಗು ಹೋಯಿತು. ಬೋರ್ಡಿನ ಮೇಲಿನ ತೊಂಬತ್ತಮೂರನ್ನು ನೋಡಿದರು, ನನ್ನನ್ನು ನೋಡಿದರು. "ನನ್ ಮಗಳಿಗೆ ಲೆಕ್ಕ ಹೇಳ್ಕೊಟ್ಟೋರು ನೀವು. ನಿಮ್ಮತ್ರ ವಾದ ಮಾಡಾಕೆ ನಂಗೆ ಬಾಯಿ ಬರಂಗಿಲ್ಲ. ಒಂದ್ಸಲ ನೀವೇ ಭಾಗಾಕಾರ ಮಾಡಿ ನೋಡ್ರಿ" ಎಂದರು. ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ, ಡಬ್ಬಿಗೆ ಹಾಕಿ, ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಅವರಿಗೆ ತುಸು ಹೊತ್ತು ಹಿಡಿಯಿತು. ಎಡಗಾಲಿಗೆ ಬಲಗಾಲಿನದು ಹೋಗಿತ್ತು.

ಹದಿನೈದು ದಿನದ ಮೇಲೆ ದುರ್ಗದ ದೊಡ್ಡ ಅಂಗಡಿಯೊಂದರಿಂದ ಇನ್ನೊಂದು ಡಿಸ್ಕು ಬಂತು. ಒಂದು ಟಿಬಿ. ಮಧ್ಯಾಹ್ನದ ಬಿಸಿಯೂಟದ ಹೊತ್ತು, ಕಂಪ್ಯೂಟರ್ ಕೋಣೆಯಲ್ಲಿ ನಾನೊಬ್ಬಳೇ. ಜೋಡಿಸಿ ನೋಡಿದೆ. 931 ಜಿಬಿ.

ಡಬ್ಬಿಯನ್ನು ಎತ್ತಿಕೊಂಡು ತಿರುಗಿಸಿದರೆ ತಳದಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು, ಒಂದು ಜಿಬಿ ಎಂದರೆ ನೂರು ಕೋಟಿ ಬೈಟು ಎಂದು. ಮೊದಲಿನ ಡಬ್ಬಿಯಲ್ಲೂ ಇದ್ದೇ ಇರಬೇಕು, ನಾನು ತಿರುಗಿಸಿ ನೋಡಿರಲಿಲ್ಲ. ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಭಾಗಾಕಾರ ಮಾಡಿದೆ. ಒಂದು ಟಿಬಿ ಎಂದು ಕಂಪನಿ ಮಾರುವುದು ಒಂದರ ಮುಂದೆ ಹನ್ನೆರಡು ಸೊನ್ನೆಯಷ್ಟು ಬೈಟು. 1024ರಿಂದ ಭಾಗಿಸಿದರೆ ಕೆಬಿ, ತೊಂಬತ್ತೇಳು ಕೋಟಿ ಅರವತ್ತೈದು ಲಕ್ಷದ ಚಿಲ್ಲರೆ. ಇನ್ನೊಮ್ಮೆ ಭಾಗಿಸಿದರೆ ಎಂಬಿ, ಒಂಬತ್ತು ಲಕ್ಷ ಐವತ್ತಮೂರು ಸಾವಿರ ಚಿಲ್ಲರೆ. ಮೂರನೆಯ ಸಲ ಭಾಗಿಸಿದರೆ ಜಿಬಿ, 931. ಪ್ರತಿ ಮೆಟ್ಟಿಲಿಗೂ ಇಪ್ಪತ್ನಾಲ್ಕರ ಕೊಸರು, ಮೂರು ಮೆಟ್ಟಿಲಿಗೆ ಸೇರಿ ಅಷ್ಟಾಗುತ್ತದೆ. ಎಂಟನೆಯ ತರಗತಿಯ ಹುಡುಗರು ಮಾಡುವ ಭಾಗಾಕಾರ. ಬೈಟಿನ ಲೆಕ್ಕದಲ್ಲಿ ಒಂದೇ ಒಂದು ಕಾಳೂ ಕಡಿಮೆ ಇರಲಿಲ್ಲ. ಕಂಪನಿಯ ಸೇರನ್ನು ಮೇಲೆ, ಕಂಪ್ಯೂಟರಿನ ಸೇರನ್ನು ಕೆಳಗೆ ಬರೆದು ಕಳೆದ ಗಣಿತದ ಟೀಚರು ನಾನು.

ಆಗಲೇ ಎದ್ದು ಹೋಗಬೇಕಿತ್ತು. ಶಾಲೆಯಿಂದ ಅವರ ಅಂಗಡಿಗೆ ಹತ್ತು ನಿಮಿಷದ ದಾರಿ. ಹೋಗುವವಳೇ ಇದ್ದೆ. ಅಷ್ಟರಲ್ಲಿ ಹೆಡ್‌ಮಾಸ್ಟರು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, "ಏನ್ ಮೇಡಂ, ಇದಾದ್ರೂ ಸರಿ ಐತಾ?" ಎಂದರು. ನನ್ನ ಕೈ ತಾನಾಗಿ ಪರದೆಯ ಮೇಲಿನ ಆ ಕಿಟಕಿಯನ್ನು ಮುಚ್ಚಿತು. "ಸರಿ ಇದೆ ಸರ್" ಎಂದೆ. ಹಾಳೆ ಹರಿದು ಬ್ಯಾಗಿಗೆ ಹಾಕಿಕೊಂಡೆ.

ಊರು ಸಣ್ಣದು. ಅಷ್ಟರೊಳಗೆ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಅಂಗಡಿಯ ಮುಂದೆ ನಿಂತ ಕಾಲೇಜು ಹುಡುಗರು "ಸಾಬ್ರೇ, ಇದ್ರಾಗೆ ನೀವೆಷ್ಟು ಜಿಬಿ ತಿಂತೀರಾ?" ಎಂದು ತಮಾಷೆ ಮಾಡುವುದನ್ನು ನಾನೇ ಕಿವಿಯಾರೆ ಕೇಳಿದೆ. ಅವರ ತಾತನ ಸೇರಿನಲ್ಲಿ ಅಳೆದದ್ದನ್ನು ಯಾರೂ ತಿರುಗಿ ಅಳೆಯುತ್ತಿರಲಿಲ್ಲ. ಇವರು ಕೊಟ್ಟದ್ದನ್ನು ಈಗ ಪ್ರತಿಯೊಬ್ಬರೂ ಅಲ್ಲೇ ನಿಂತು ಮೊಬೈಲಿಗೆ ಹಾಕಿ ನೋಡುತ್ತಿದ್ದರು. ಆ ಮನೆತನಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಒಂದೇ ಒಂದು ಮಾತಿನಿಂದ ನಿಲ್ಲಿಸಬಹುದಾಗಿದ್ದವಳು ನಾನು. ನಾಳೆ ಹೇಳೋಣ, ಸಮಿತಿಯ ಮುಂದಿನ ಸಭೆಯಲ್ಲಿ ಹೇಳೋಣ ಎಂದುಕೊಂಡೆ. ಮುಂದಿನ ಸಭೆಯಲ್ಲಿ ನೀರಿನ ಟ್ಯಾಂಕಿನ ವಿಷಯ ಬಂತು.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಡಿ ಎಂದಾಗುತ್ತಿತ್ತು, ಅಷ್ಟೇ. ಅದೇ ವರ್ಷ ಹೊಸದುರ್ಗದಲ್ಲಿ ಗಣಿತ ಶಿಕ್ಷಕರ ತರಬೇತಿ ಇತ್ತು. ಒಬ್ಬೊಬ್ಬರೂ ಒಂದು ಮಾದರಿ ಪಾಠ ಮಾಡಬೇಕು. ನಾನು ಮನೆಯಿಂದ ಒಂದು ಸೇರು, ಒಂದು ಚೀಲ ರಾಗಿ, ಒಂದು ಅಡಿಕೋಲು ತೆಗೆದುಕೊಂಡು ಹೋದೆ. ಸೇರು ತುಂಬಿ ಅಡಿಕೋಲಿನಿಂದ ತಲೆ ಸವರಿದೆ. "ಇದು ಕಂಪನಿಯ ಜಿಬಿ" ಎಂದೆ. ಮೇಲೆ ಗೋಪುರ ಕಟ್ಟಿದೆ. "ಇದು ಕಂಪ್ಯೂಟರಿನ ಜಿಬಿ. ರಾಗಿ ಅದೇ, ಸೇರು ಬೇರೆ" ಎಂದೆ. ಕೋಣೆ ತುಂಬ ಚಪ್ಪಾಳೆ. ಇಂಥ ಹೋಲಿಕೆ ನಿಮಗೆ ಹೇಗೆ ಹೊಳೆಯಿತು ಎಂದು ಅಧಿಕಾರಿಯೊಬ್ಬರು ಕೇಳಿದರು. "ನಮ್ಮದು ರೈತರ ಮನೆ ಅಲ್ವಾ ಸರ್" ಎಂದೆ.

ಕಳ್ಳಿ ಎಂದು ಯಾರನ್ನಾದರೂ ಕರೆಯುವುದಾದರೆ ಅವತ್ತು ಆ ಕೋಣೆಯಲ್ಲಿ ಇದ್ದವಳು ಒಬ್ಬಳೇ.

ಅದಾಗಿ ಎರಡು ತಿಂಗಳಿಗೆ ಧೈರ್ಯ ಮಾಡಿ ಅಂಗಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಆದರೆ ನೇರವಾಗಿ ಹೇಗೆ ಶುರುಮಾಡುವುದು? ಮೂವತ್ತೆರಡು ಜಿಬಿಯ ಕಾರ್ಡು ಕೊಡಿ ಎಂದೆ.

"ಬರ್ರಿ ಟೀಚರಮ್ಮ, ಕುಂತ್ಕಳ್ರಿ" ಎಂದು ಸ್ಟೂಲನ್ನು ಒರೆಸಿ ಕೊಟ್ಟರು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ. ಅವರ ಹಿಂದಿನ ಗೋಡೆಯಲ್ಲಿ ಹೊಸದಾಗಿ ಒಂದು ರಟ್ಟು ನೇತುಹಾಕಿತ್ತು. ಅದೇ ದುಂಡನೆಯ ಅಕ್ಷರ. 'ಗಿರಾಕಿಗಳು ಓದಿಕೊಂಡು ತೆಗೆದುಕೊಳ್ಳಬೇಕು. 16 ಎಂದು ಬರೆದದ್ದು 14.9 ತೋರಿಸುತ್ತದೆ. 32 ಎಂಬುದು 29.8. 64 ಎಂಬುದು 59.6. ಒಂದು ಟಿಬಿ ಎಂಬುದು 931. ಇದು ಎರಡು ಅಳತೆಗಳ ವ್ಯತ್ಯಾಸ. ಅಂಗಡಿಯವರ ಮೋಸ ಅಲ್ಲ.' ಕೊನೆಯ ಸಾಲಿನ ಕೆಳಗೆ ಎರಡು ಗೆರೆ.

ಓದು ಬಾರದ ಗಿರಾಕಿಗಳಿಗೆ ಅದನ್ನು ಅವರೇ ಓದಿ ಹೇಳುತ್ತಿದ್ದರಂತೆ. ನನಗೂ ರಟ್ಟಿನ ಕಡೆ ಬೆರಳು ತೋರಿಸಿ, ಕಾರ್ಡನ್ನು ಚಿಮಟದಲ್ಲಿ ಎತ್ತಿ ಕಂಪ್ಯೂಟರಿಗೆ ಹಾಕಿ, "ನೋಡ್ಕಳ್ರಿ, ಇಪ್ಪತ್ತೊಂಬತ್ತು ಪಾಯಿಂಟ್ ಎಂಟು" ಎಂದರು. ಕಟಕಟೆಯಲ್ಲಿ ನಿಂತವರು ಹೇಳಿದ್ದನ್ನೇ ಹೇಳುವ ಹಾಗಿತ್ತು ಅದು. ನನ್ನ ಕಣ್ಣು ಮೇಲೇಳಲಿಲ್ಲ.

ಕಾರ್ಡನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತಾ, ತಲೆ ಎತ್ತದೆ ಅವರು ಕೇಳಿದರು, "ಅದು... ಲೆಕ್ಕ ಮಾಡಿ ನೋಡಿದ್ರಾ ಟೀಚರಮ್ಮ?"

ಬಾಗಿಲು ತೆಗೆದು ಒಳಗೆ ಬನ್ನಿ ಅಂದಂತೆ ಇತ್ತು ಆ ಪ್ರಶ್ನೆ. ಅಂಗಡಿಯಲ್ಲಿ ನಾವಿಬ್ಬರೇ. ಹೂಂ ಎಂದರೆ ಸಾಕಿತ್ತು. ಆದರೆ ಹೂಂ ಎಂದರೆ ಯಾವಾಗ ಮಾಡಿದಿರಿ ಎಂದು ಕೇಳಿದರೆ? ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದರೆ?

"ಇಲ್ಲ, ಬಿಡುವೇ ಆಗ್ಲಿಲ್ಲ" ಎಂದೆ.

ಅವರ ಕೈ ಒಂದು ಗಳಿಗೆ ನಿಂತಿತು. "ಹೂಂ, ಸ್ಕೂಲಿನ ಕೆಲಸ ಇರ್ತಾವಲ್ಲ" ಎಂದು ಡಬ್ಬಿಯನ್ನು ನನ್ನ ಕೈಗಿಟ್ಟರು. ಮನೆಗೆ ಬಂದು ನೋಡಿದರೆ ಆ ಖಾಲಿ ಕಾರ್ಡಿನಲ್ಲೂ ಒಂದು ಹಾಡಿತ್ತು. ಯಾವುದೆಂದು ಹೇಳಬೇಕಾಗಿಲ್ಲ. ಪೂರ್ತಿ ಕೇಳುವ ಧೈರ್ಯ ನನಗೆ ಆಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಬಸ್ ನಿಲ್ದಾಣಕ್ಕೆ ಸುತ್ತು ದಾರಿ ಹಿಡಿದು ಹೋಗುವುದನ್ನು ರೂಢಿ ಮಾಡಿಕೊಂಡೆ. ಅವರೂ ಹಾಡು ತುಂಬುವುದನ್ನು ನಿಧಾನಕ್ಕೆ ಬಿಟ್ಟರು. ಎಲ್ಲರ ಮೊಬೈಲಿಗೂ ನೆಟ್ ಬಂದ ಮೇಲೆ ಕಾರ್ಡು ಯಾರಿಗೆ ಬೇಕು? ರೀಚಾರ್ಜು, ಚಾರ್ಜರಿನ ವೈರು, ಅಷ್ಟರಲ್ಲೇ ದಿನ ಸಾಗುತ್ತಿತ್ತು. ಸೊಪ್ಪಿನವಳು ಸುದ್ದಿ ಹೇಳುವ ಹೊತ್ತಿಗೆ ನಾನು ಆ ಬೀದಿಗೆ ಕಾಲಿಟ್ಟು ಬಹಳ ದಿನವಾಗಿತ್ತು. ಅವತ್ತು ಹೋದದ್ದು ಸುತ್ತು ದಾರಿಯಲ್ಲಿ ಚರಂಡಿ ಅಗೆದಿದ್ದರಿಂದ.

ಅವರ ಸಾವಿನ ಸುದ್ದಿ ತಿಳಿದ ಸಂಜೆ, ನಿವೃತ್ತರಾಗಿ ಹಿರಿಯೂರಿನಲ್ಲಿರುವ ನಮ್ಮ ಹಳೆಯ ಹೆಡ್‌ಮಾಸ್ಟರಿಗೆ ಫೋನು ಮಾಡಿದೆ. ಯಾರಿಗಾದರೂ ಹೇಳಲೇಬೇಕಾಗಿತ್ತು. ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿ, "ಯಾವ ಡಿಸ್ಕು ಮೇಡಂ? ನಂಗೆ ನೆನಪಿಗೇ ಬರ್ತಿಲ್ಲ" ಎಂದರು. ಯಾರ ಎದುರು ನನ್ನ ಮರ್ಯಾದೆ ಹೋದೀತೆಂದು ಅಂಗಡಿಯವರ ಮರ್ಯಾದೆಯನ್ನು ಬಲಿಕೊಟ್ಟೆನೋ, ಅವರಿಗೆ ಆ ದಿನದ ನೆನಪೇ ಇರಲಿಲ್ಲ.

ಮುಂದಿನ ಭಾನುವಾರ ಅಂಗಡಿಯವರ ಮನೆಗೆ ಹೋದೆ. ಮಗಳು ಬಂದಿದ್ದಳು. ಈಗ ದುರ್ಗದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನನ್ನನ್ನು ಕಂಡು ಎದ್ದು ಬಂದಳು, ಚಾಪೆ ಹಾಸಿದಳು, ನೀರು ತಂದಳು. ನಾನು ನೀರು ಮುಟ್ಟುವ ಮೊದಲೇ ಹೇಳಿದೆ. "ಆ ಡಿಸ್ಕು ಸರಿಯಾಗೇ ಇತ್ತಮ್ಮ. ತಪ್ಪು ನಂದು. ಹದಿನೈದು ದಿನಕ್ಕೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ."

"ಗೊತ್ತು ಮೇಡಂ" ಎಂದಳು.

ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

"ಅಬ್ಬಾಗೂ ಗೊತ್ತಿತ್ತು. ಹೊಸದುರ್ಗದಾಗೆ ನೀವು ಸೇರು ಇಟ್ಕಂಡು ಪಾಠ ಮಾಡಿದ್ರಂತಲ್ಲ, ಅಲ್ಲಿದ್ದ ಮೇಷ್ಟ್ರೊಬ್ರು ಅಂಗಡಿಗೆ ಬಂದಾಗ ಹೇಳಿದ್ರು. ಅವತ್ತು ಅಬ್ಬಾ ಮಧ್ಯಾಹ್ನಕ್ಕೇ ಅಂಗಡಿ ಮುಚ್ಕಂಡು ಮನೆಗೆ ಬಂದ್ರು. ಅಷ್ಟು ಖುಷಿ. 'ಟೀಚರಮ್ಮ ಲೆಕ್ಕ ಮಾಡಿ ನೋಡವ್ರೆ ಕಣಮ್ಮ. ನನ್ ಮಾತು ಸರಿ ಅಂತ ಒಪ್ಕಂಡವ್ರೆ. ಇನ್ನೇನು, ಇವತ್ತೋ ನಾಳೆಯೋ ಬಂದು ಹೇಳ್ತಾರೆ' ಅಂದ್ರು." ಅವಳು ಲೋಟವನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದಳು. "ಎರಡು ತಿಂಗಳು ಕಾದ್ರು. ಆಮ್ಯಾಕೆ ನೀವು ಅಂಗಡಿಗೆ ಬಂದಿದ್ರಲ್ಲ, ಅವತ್ತು ಮನೆಗೆ ಬಂದು ಏನೂ ಮಾತಾಡ್ಲಿಲ್ಲ. ಟೀಚರ್ ಬಂದಿದ್ರಂತಲ್ಲ, ಏನಂದ್ರು ಅಂತ ನಾನೇ ಕೇಳ್ದೆ. 'ಪಾಪ, ಅವರಿಗೆ ಇನ್ನಾ ಬಿಡುವಾಗಿಲ್ಲ' ಅಂದ್ರು. ಅಷ್ಟೇ."

ಅವರು ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳಿದ್ದರು. ನನಗೊಂದು ದಾರಿ ಮಾಡಿಕೊಡಲು ಕೇಳಿದ್ದರು. ನಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದೂ ಡಬ್ಬಿಯನ್ನು ಕೈಗಿಟ್ಟು, ಮನೆಗೆ ಹೋಗಿ ಮಗಳ ಎದುರು ಅವಳ ಟೀಚರ ಮರ್ಯಾದೆ ಉಳಿಸಿದ್ದರು. ನನಗೆ ಅಳು ಬಂತು. ಆ ಮನೆಯಲ್ಲಿ ಕೂತು ಅಳುವ ಹಕ್ಕು ನನಗಿಲ್ಲ ಎನ್ನಿಸಿ ತಡೆದುಕೊಂಡೆ.

"ನಾನು ಎಲ್ಲರಿಗೂ ಹೇಳ್ತೀನಮ್ಮ. ಬರೀತೀನಿ. ಅವರ ಹೆಸರು ಹಾಕಿ, ನಡೆದದ್ದನ್ನೆಲ್ಲ ಬರೆದು ಅಚ್ಚು ಮಾಡಿಸ್ತೀನಿ" ಎಂದೆ.

ಅವಳು ತುಸು ಹೊತ್ತು ಯೋಚಿಸಿದಳು. ಹತ್ತನೆಯ ತರಗತಿಯಲ್ಲಿ ಲೆಕ್ಕ ಕೊಟ್ಟಾಗ ಯೋಚಿಸುತ್ತಿದ್ದ ಹಾಗೆಯೇ, ಹುಬ್ಬು ಗಂಟಿಕ್ಕಿಕೊಂಡು.

"ಬರೀರಿ ಮೇಡಂ. ಆದ್ರೆ ಅಬ್ಬಾ ಹೆಸರು ಮಾತ್ರ ಹಾಕ್‌ಬ್ಯಾಡ್ರಿ. ಊರಾಗೆ ಈಗೀಗ ಜನ ಮರ್ತವ್ರೆ. ಮೋಸ ಅನ್ನೋ ಮಾತಿನ ಜೊತೆ ಆ ಹೆಸರು ಇನ್ನೊಂದ್ಸಲ ಓಡಾಡೋದು ನಂಗೆ ಬ್ಯಾಡ. ಮೋಸ ಅಲ್ಲ ಅಂತ ಬರೆದ್ರೂ ಬ್ಯಾಡ."

ಆ ಹೆಸರಿಗೆ ನಾನು ಹಚ್ಚಿದ್ದನ್ನು ನಾನೇ ತೊಳೆಯುತ್ತೇನೆಂದು ಹೋಗಿದ್ದೆ. ಅದನ್ನು ಮುಟ್ಟಲು ಅವಳು ನನಗೆ ಬಿಡಲಿಲ್ಲ. ಆಯ್ತಮ್ಮ ಎಂದು ಹೇಳಿ, ನೀರು ಕುಡಿದು ಎದ್ದೆ.